ಹದಿನೆಂಟರ ಹುಡುಗರನ್ನು ಹಡಗು ಹತ್ತಿಸಿದ್ದು

ಕಲಬುರಗಿಯವರಿಗೆ ದೊಡ್ಡ ನೀರು ಎಂದರೆ ಅಪ್ಪನ ಕೆರೆ. ಅಲ್ಲಿ ಪೆಡಲ್ ಬೋಟು ತುಳಿದವನೇ ನಮ್ಮ ಕಡೆ ನಾವಿಕ. ಇಂಥ ಊರಲ್ಲಿ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಮಾರುತ್ತೇನೆ ಎಂದಾಗ ಸೂಪರ್ ಮಾರ್ಕೆಟ್‌ನ ನಮ್ಮ ಟಿಕೆಟ್ ಅಂಗಡಿಗಳ ಸಾಲಿನವರೆಲ್ಲ ನಕ್ಕರು. ಅದೂ ಇಪ್ಪತ್ತೊಂದು ತುಂಬದ ಕಾಲೇಜು ಹುಡುಗರಿಗೆ ಮಾತ್ರ ಎಂದಾಗ ಪಕ್ಕದ ಅಂಗಡಿಯ ಹಿರಿಯರು ಚಹಾ ಕಪ್ಪು ಕೆಳಗಿಟ್ಟು, "ತಮ್ಮಾ, ಕಾಶಿ ಮಾರು, ಅಜ್ಮೇರ್ ಮಾರು, ಹುಡುಗೂರ ಗೊಡವಿಗೆ ಹೋಗಬ್ಯಾಡ" ಎಂದರು. 2025ರ ಫೆಬ್ರುವರಿಯಲ್ಲಿ ನನ್ನ ಹನ್ನೆರಡು ಜನ ಹೋಗಿ ಬಂದರು. ಈಗ ಅದೇ ಹಿರಿಯರು ತಮ್ಮ ಗಿರಾಕಿಗಳನ್ನು ನನ್ನ ಬಳಿ ಕಳಿಸುತ್ತಾರೆ, ಕಮಿಷನ್ನಿನಲ್ಲಿ ಪಾಲು ಕೇಳುತ್ತಾರೆ. ಕೊಡುತ್ತೇನೆ.

ಈ ಧಂದೆಯಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ. ಕ್ಯಾಬಿನ್ ಎಂದರೇನು, ಪೋರ್ಟ್ ಚಾರ್ಜ್ ಎಂದರೇನು ಎಂದು ಹೇಳುತ್ತ ಕೂರುವುದಿಲ್ಲ.

ಮೊದಲು ಕೈ ಸುಟ್ಟುಕೊಂಡ ಕಥೆ. 2023ರ ಮಾರ್ಚ್. ನಮ್ಮೂರಿನ ಇಬ್ಬರು ಡಾಕ್ಟರುಗಳ ಮಕ್ಕಳು ಟೆಕ್ಸಾಸ್‌ನಲ್ಲಿ ಓದುತ್ತಿದ್ದರು. ಅವರೂ ಅವರ ಇಬ್ಬರು ಗೆಳೆಯರೂ ಸೇರಿ ನಾಲ್ವರು, ವಯಸ್ಸು 22, 20, 20, 19. ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೋದ ಕೊಸುಮೆಲ್‌ಗೆ ಹೋಗಿ ಬರುವ ಹಡಗು. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋ ವೀಸಾ ಬೇಕಿಲ್ಲ ಎಂಬುದು ನನಗೆ ಗೊತ್ತಿತ್ತು, ಆ ಒಂದು ಜಾಣತನದ ಮೇಲೆ ಇಡೀ ಬುಕಿಂಗ್ ನಿಂತಿತ್ತು. ಮುಂಬೈಯ ಒಬ್ಬ ಹೋಲ್‌ಸೇಲರ್ ಮೂಲಕ ಎರಡು ಕ್ಯಾಬಿನ್ ಹಿಡಿದೆ. ಹಿಡಿಯುವಾಗ 'ನಾಲ್ಕು ದೊಡ್ಡವರು' ಎಂದಷ್ಟೇ ಒತ್ತಿದೆ, ಹುಟ್ಟಿದ ತಾರೀಕು ಆಮೇಲೆ ತುಂಬಿದರಾಯಿತು ಎಂದುಕೊಂಡು.

ಆಮೇಲೆ ತುಂಬಿದಾಗ ಎರಡನೇ ಕ್ಯಾಬಿನ್ ಅಲ್ಲೇ ಬೀಗ ಬಿತ್ತು. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಹೆಚ್ಚಿನವಕ್ಕೆ ಕ್ಯಾಬಿನ್‌ಗೆ ಒಬ್ಬರಾದರೂ 21 ತುಂಬಿದವರು ಬೇಕು. ಗುಂಪಿಗೆ ಒಬ್ಬರಲ್ಲ, ಕ್ಯಾಬಿನ್‌ಗೆ ಒಬ್ಬರು. ನನ್ನ ಬಳಿ 22ರವನು ಒಬ್ಬನೇ, ಕ್ಯಾಬಿನ್ ಎರಡು. ನಾಲ್ವರನ್ನೂ ಒಂದೇ ಕ್ಯಾಬಿನ್‌ಗೆ ಹಾಕೋಣವೆಂದರೆ ನಾಲ್ಕು ಹಾಸಿಗೆಯ ಕ್ಯಾಬಿನ್ ಒಂದೂ ಉಳಿದಿರಲಿಲ್ಲ. ಹೊರಡಲು ಹತ್ತು ಹನ್ನೊಂದು ದಿನ ಬಾಕಿ.

ಆಗ ನಾನು ಮಾಡಿದ್ದು ನಮ್ಮ ಊರಿನ ಮದ್ದು. ನೂರು ರೂಪಾಯಿ ಸ್ಟ್ಯಾಂಪ್ ಪೇಪರು ತಂದು, ಇಬ್ಬರು ತಂದೆಯರಿಂದ ಒಪ್ಪಿಗೆ ಪತ್ರ ಬರೆಸಿ, ಕೋರ್ಟಿನ ಮುಂದೆ ನೋಟರಿ ಮಾಡಿಸಿ, ಸ್ಕ್ಯಾನ್ ಮಾಡಿ ಕಳಿಸಿದೆ. ಎರಡು ಪತ್ರ, ಕೆಂಪು ಸೀಲು, ಒಟ್ಟು ಎಂಟುನೂರು ರೂಪಾಯಿ. ಎರಡೇ ಸಾಲಿನ ಉತ್ತರ ಬಂತು. ಹುಡುಗರು ಕಾನೂನಿನ ಪ್ರಕಾರ ವಯಸ್ಕರು, ಅವರ ಪರವಾಗಿ ತಂದೆ ಒಪ್ಪುವುದಕ್ಕೆ ಅರ್ಥವಿಲ್ಲ. ಕ್ಯಾಬಿನ್ ನಿಯಮ ಮಾತ್ರ ಹಾಗೇ ಇದೆ. ಸಿಟ್ಟು ಬಂತು. ವೋಟು ಹಾಕಬಹುದು, ಯುದ್ಧಕ್ಕೆ ಹೋಗಬಹುದು, ಹಾಸಿಗೆ ಮಾತ್ರ ಇಲ್ಲ! ಆಮೇಲೆ ಓದಿದರೆ ಯುದ್ಧಕ್ಕೆ ಹೋಗುವವರಿಗೆ ಹಾಸಿಗೆಯೂ ಇದೆ: ಕೆಲವು ಕಂಪನಿಗಳಲ್ಲಿ ಅಮೆರಿಕದ ಸೇನೆಯಲ್ಲಿ ಇರುವವರಿಗೂ ಮದುವೆಯಾದ ಜೋಡಿಗೂ ವಿನಾಯಿತಿ. ನನ್ನ ಹುಡುಗರು ಎರಡೂ ಆಗಿರಲಿಲ್ಲ.

ಹೋದ ದುಡ್ಡು ಸುಮಾರು 1 ಲಕ್ಷ 60 ಸಾವಿರ. ವಾಪಸ್ ಬಂದದ್ದು ಬಂದರು ತೆರಿಗೆ ಮಾತ್ರ, ತಲೆಗೆ ನೂರು ಡಾಲರ್ ಚಿಲ್ಲರೆ. ಉಳಿದದ್ದರಲ್ಲಿ ಅರ್ಧ ನನ್ನ ಕಿಸೆಯಿಂದ ಕೊಟ್ಟೆ. ಡಾಕ್ಟರ್ ಸಾಹೇಬರು ಜೋರಾಗಿ ಮಾತಾಡಲಿಲ್ಲ. "ಹೋಗ್ಲಿ ಬಿಡ್ರಿ" ಎಂದರು, ಆಮೇಲೆ ಒಂದು ವರ್ಷ ಟಿಕೆಟ್ ಬೇರೆಯವರ ಬಳಿ ತೆಗೆಸಿದರು.

ಮುಂದಿನ ವರ್ಷ ಅದೇ ಗ್ಯಾಲ್ವೆಸ್ಟನ್‌ಗೆ ಬೇರೆ ನಾಲ್ವರನ್ನು ಕಳಿಸಿದೆ. ಈ ಸಲ ಜೋಡಿ ಮಾಡಿದ್ದು ಗೆಳೆತನ ನೋಡಿ ಅಲ್ಲ, ಹುಟ್ಟಿದ ತಾರೀಕು ನೋಡಿ. 22ಕ್ಕೆ 20, 21ಕ್ಕೆ 19. ಒಳಗೆ ಹೋದ ಮೇಲೆ ಯಾರು ಯಾರ ಕ್ಯಾಬಿನ್‌ನಲ್ಲಿ ಇಸ್ಪೀಟು ಆಡಿದರೋ ನನಗೆ ಬೇಕಿಲ್ಲ. ಆದರೆ ಇದು ಎಲ್ಲ ಕಂಪನಿಗೂ ನಡೆಯುವುದಿಲ್ಲ. ಕಾರ್ನಿವಲ್‌ನಲ್ಲಿ 21 ತುಂಬದವರ ಜೊತೆ 25 ತುಂಬಿದ ಸಂಬಂಧಿಕರೋ ಪೋಷಕರೋ ಇರಬೇಕು. ಕಾಲೇಜು ಹುಡುಗರ ಗುಂಪಿನಲ್ಲಿ 25ರವನು ಎಲ್ಲಿ ಸಿಗಬೇಕು? ಸಿಕ್ಕರೆ ಅವನು ಇನ್ನೂ ಬ್ಯಾಕ್‌ಲಾಗ್ ಬರೆಯುತ್ತಿರುವವನು.

ನನ್ನ ಕಣ್ಣು ತೆರೆಸಿದ್ದು ರಾಯಲ್ ಕೆರಿಬಿಯನ್‌ನ ನಿಯಮ. ಉತ್ತರ ಅಮೆರಿಕದಿಂದ ಹೊರಟರೆ 21. ಅದೇ ಕಂಪನಿಯ ಹಡಗು ಏಷ್ಯಾ, ಯುರೋಪು, ಆಸ್ಟ್ರೇಲಿಯಾ ಕಡೆಯಿಂದ ಹೊರಟರೆ 18. ಕುಡಿಯುವ ವಯಸ್ಸೂ ಹಾಗೇ, ಅಲ್ಲಿ 21, ಇಲ್ಲಿ 18. ಎರಡು ವರ್ಷ ನಾನು ಹುಡುಗರ ವಯಸ್ಸು ತಿದ್ದಲಾಗದೆ ಒದ್ದಾಡಿದೆ. ಬದಲಿಸಬೇಕಾದದ್ದು ಬಂದರು. ಸಿಂಗಾಪುರದಿಂದ ಹೊರಟರೆ ಇಬ್ಬರು ಹದಿನೆಂಟರವರು ಒಂದೇ ಕ್ಯಾಬಿನ್‌ನಲ್ಲಿ ಯಾರ ಹಂಗೂ ಇಲ್ಲದೆ ಮಲಗಬಹುದು. ಇನ್ನೊಂದು ಮಾತು, ಲೆಕ್ಕಕ್ಕೆ ಬರುವುದು ಬುಕ್ ಮಾಡಿದ ದಿನದ ವಯಸ್ಸಲ್ಲ, ಹಡಗು ಬಿಡುವ ದಿನದ್ದು. ಇದನ್ನು ತಿಳಿದವನು ಆರು ತಿಂಗಳು ಮೊದಲೇ ಕಡಿಮೆ ದರಕ್ಕೆ ಹಿಡಿದಿಟ್ಟುಕೊಳ್ಳುತ್ತಾನೆ. ಯಾವ ವಾರ ದರ ಬೀಳುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

2024ರ ದಸರಾ ಹೊತ್ತಿಗೆ ಹನ್ನೊಂದು ಹುಡುಗರು ಕೂಡಿದರು. ಆರು ಜನ ಕಲಬುರಗಿ, ಮೂವರು ಶಹಾಪುರ, ಇಬ್ಬರು ಸೇಡಂ. ಎಲ್ಲ ಬೆಳೆಗಾರರ, ವ್ಯಾಪಾರಿಗಳ ಮಕ್ಕಳು. ಸಿಂಗಾಪುರದಿಂದ ಹೊರಟು ನಾಲ್ಕು ರಾತ್ರಿ, ಪೆನಾಂಗ್ ಮತ್ತು ಫುಕೆಟ್. ಮಲೇಷ್ಯಾ, ಥಾಯ್ಲೆಂಡ್ ಎರಡೂ 2023ರ ಕೊನೆಯಲ್ಲಿ ನಮ್ಮವರಿಗೆ ವೀಸಾ ಬೇಡ ಎಂದಿದ್ದವು, ಉಳಿದದ್ದು ಸಿಂಗಾಪುರ ವೀಸಾ ಒಂದೇ. ಅದು ಮಲ್ಟಿಪಲ್ ಎಂಟ್ರಿಯೇ ಇರಬೇಕು, ಹಡಗು ತಿರುಗಿ ಬಂದಾಗ ಮತ್ತೆ ಒಳಗೆ ಹೋಗಬೇಕಲ್ಲ. ಒಳಗಿನ ಕ್ಯಾಬಿನ್, ಕಿಟಕಿ ಇಲ್ಲದ್ದು, ತಲೆಗೆ ಮೂವತ್ತೆಂಟು ಸಾವಿರದ ಆಸುಪಾಸು. ಹೈದರಾಬಾದಿನಿಂದ ವಿಮಾನ ಇಪ್ಪತ್ತಮೂರು, ವೀಸಾ ಮೂರು, ಸಿಂಗಾಪುರದಲ್ಲಿ ಒಂದು ರಾತ್ರಿ, ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಟೆಂಪೊ ಟ್ರಾವೆಲರ್, ಟಿಪ್ಸು. ಎಲ್ಲ ಸೇರಿ ಎಂಬತ್ತರಿಂದ ಎಂಬತ್ತೈದು. ಅದರ ಮೇಲೆ ಜಿಎಸ್‌ಟಿ, ಆಗಿನ ಟಿಸಿಎಸ್ (ಬಿಲ್ಲಿನಲ್ಲೇ ಮುಂಗಡ ಹಿಡಿಯುವ ಆದಾಯ ತೆರಿಗೆ) 5 ಪರ್ಸೆಂಟ್.

ಟಿಸಿಎಸ್ ಬಗ್ಗೆ ಅಪ್ಪಂದಿರು ಜಗಳಕ್ಕೆ ಬಂದರು. ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ ಎಂದರೆ, "ಸರ್ಕಾರಕ್ಕ ಹೋದದ್ದು ಯಾವಾಗ ತಿರುಗಿ ಬಂದದ ಹೇಳ್ರಿ" ಎಂದರು. ಬಿಲ್ಲನ್ನು ಹುಡುಗನ ಹೆಸರಿಗೆ ಮಾಡದೆ, ದುಡ್ಡು ಕೊಡುವ ಅಪ್ಪನ ಪ್ಯಾನ್‌ಗೆ ಮಾಡಿ. ತೆರಿಗೆ ಕಟ್ಟುವವರು ಅವರು, ಹೊಂದಿಸಿಕೊಳ್ಳುವವರೂ ಅವರೇ.

ಎಲ್ಲ ಸರಿ ಹೋಯಿತು ಎನ್ನುವಷ್ಟರಲ್ಲಿ ಜೂನ್ ಒಂದು ಬಂತು.

ನಮ್ಮ ಕಡೆ ಹಳ್ಳಿ ಮಕ್ಕಳಲ್ಲಿ ಬಹಳ ಜನ ಜೂನ್ ಒಂದರಂದೇ ಹುಟ್ಟಿದವರು ಎಂಬುದು ನಿಮಗೂ ಗೊತ್ತು. ಸಾಲಿಗೆ ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಕು. ಹತ್ತನೇ ಮಾರ್ಕ್ಸ್ ಕಾರ್ಡಿಗೂ ಅದೇ, ಆಧಾರಿಗೂ ಅದೇ, ಪಾಸ್‌ಪೋರ್ಟಿಗೂ ಅದೇ. ಈ ಹನ್ನೊಂದು ಜನರಲ್ಲಿ ಮೂವರು ಜೂನ್ ಒಂದರವರು. ಶಹಾಪುರ ಕಡೆಯ ಒಬ್ಬನದು 01/06/2007. ಬುಕಿಂಗ್ ಪರದೆಯಲ್ಲಿ ನಾನು ಹಾಗೇ ಒತ್ತಿದೆ, ಅದು ತಕರಾರಿಲ್ಲದೆ ತೆಗೆದುಕೊಂಡಿತು. ತೆಗೆದುಕೊಳ್ಳದೆ ಏನು ಮಾಡೀತು? ಅಮೆರಿಕದವರ ಲೆಕ್ಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನನ್ನ ಜೂನ್ 1 ಅಲ್ಲಿ ಜನವರಿ 6 ಆಗಿ ಕೂತಿತ್ತು. ಫೆಬ್ರುವರಿಯಲ್ಲಿ ಹೊರಡುವ ಹಡಗಿಗೆ ಹುಡುಗ ಹದಿನೆಂಟು ದಾಟಿದವನಾಗಿದ್ದ. ಪಾಸ್‌ಪೋರ್ಟ್ ಪ್ರಕಾರ ಹದಿನೇಳು ವರ್ಷ ಎಂಟು ತಿಂಗಳು.

ಉಳಿದ ಇಬ್ಬರದೂ ಹಾಗೇ ತಪ್ಪಿತ್ತು, ಆದರೆ ಅವರು ಹೇಗೂ ಹತ್ತೊಂಬತ್ತು ದಾಟಿದವರು, ತಿದ್ದಿದರೆ ಮುಗಿಯಿತು. ಇವನದು ಕಂಡದ್ದು ಹೊರಡಲು ಒಂದು ತಿಂಗಳಿರುವಾಗ, ವೆಬ್ ಚೆಕ್-ಇನ್‌ಗೆ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಕೂತಾಗ. ಮೈ ಬೆವರಿತು. ಗ್ಯಾಲ್ವೆಸ್ಟನ್ ನೆನಪಾಯಿತು. ಅವರ ಮನೆಗೆ ಫೋನು ಹಚ್ಚಿದರೆ ಅವ್ವ ತೆಗೆದರು. "ಹದಿನೇಳು ಯಾಕಂತೀರಿ ಅಣ್ಣಾರ? ನನ್ನ ಮಗ ಎಳ್ಳಮಾಸಿ ದಿನ ಹುಟ್ಯಾನ. ಹೊಲಕ್ಕ ಚರಗ ಚೆಲ್ಲಾಕ ಹೋಗೋರಿದ್ವಿ, ನನಗ ಬ್ಯಾನಿ ಬಂದ್ವು. ಈ ಎಳ್ಳಮಾಸಿಗೆ ಹದಿನೆಂಟು ತುಂಬ್ಯಾವ." ಎಳ್ಳು ಅಮಾವಾಸ್ಯೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಅಂದರೆ ನಾನು ತಪ್ಪಾಗಿ ಒತ್ತಿದ ತಾರೀಕೇ ಪಾಸ್‌ಪೋರ್ಟಿಗಿಂತ ಸತ್ಯಕ್ಕೆ ಹತ್ತಿರ ಇತ್ತು! ಏನು ಉಪಯೋಗ? ಹಡಗಿನವರು ಎಳ್ಳಮಾಸಿ ಕೇಳುವುದಿಲ್ಲ.

ನನಗೆ ಕಂಡದ್ದು ಎರಡೇ ದಾರಿ. ಹುಡುಗನನ್ನು ಬಿಡಬೇಕು, ಇಲ್ಲವೇ ಅವನ ಜೊತೆ ಒಬ್ಬ ದೊಡ್ಡವರನ್ನು ಕಳಿಸಬೇಕು. ಅಪ್ಪನಿಗೆ ತೊಗರಿ ರಾಶಿ, ಬರುವುದು ಶಕ್ಯವಿಲ್ಲ. ಸೋದರಮಾವ ಬರುತ್ತೇನೆ ಎಂದರು. ವಯಸ್ಸು ನಲವತ್ತೊಂದು, ತೊಗರಿ ದಲಾಲಿ, ಪಾಸ್‌ಪೋರ್ಟ್ ಇಲ್ಲ, ಸಮುದ್ರ ನೋಡಿಲ್ಲ. ತತ್ಕಾಲ್‌ಗೆ ಹಾಕಿಸಿದೆ, 3,500 ರೂಪಾಯಿ. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬದುಕಿದೆ. ಎಂಟೋ ಒಂಬತ್ತೋ ದಿನಕ್ಕೆ ಬಂತು. ವೀಸಾಕ್ಕೆ ಇನ್ನೊಂದು ವಾರ.

ಹುಡುಗನ ಜೊತೆ ಹೋಗುವವರು ತಂದೆ ತಾಯಿ ಅಲ್ಲದಿದ್ದರೆ ಬೇಕಾಗುವ ಕಾಗದ ಯಾವುದು ಹೇಳಿ? ತಂದೆ ಅಥವಾ ತಾಯಿ ಸಹಿ ಮಾಡಿದ, ನೋಟರಿ ಆದ ಒಪ್ಪಿಗೆ ಪತ್ರ. ಮೂಲ ಪ್ರತಿ, ಇಂಗ್ಲಿಷಿನಲ್ಲಿ. ಎರಡು ವರ್ಷದ ಹಿಂದೆ ನನ್ನ ಮುಖಕ್ಕೆ ಬಿಸಾಡಿದ ಅದೇ ಕಾಗದ! ಅದೇ ನೋಟರಿ ವಕೀಲರ ಬಳಿ ಹೋದೆ. "ಮತ್ತ ಹಡಗೇನ್ರಿ?" ಎಂದರು. ಈ ಸಲ ಒಂದು ಪತ್ರಕ್ಕೆ ಐನೂರು ಹಿಡಿದರು. ಇಪ್ಪತ್ತರ ಹುಡುಗನಿಗೆ ರದ್ದಿ, ಹದಿನೇಳರವನಿಗೆ ಪ್ರಾಣ.

ಮಾವ ಬಂದದ್ದು ದಂಡವೆಂದು ಎಲ್ಲರೂ ತಿಳಿದರು. ನಾನು ಲೆಕ್ಕ ಹಾಕಿದೆ. ಹನ್ನೊಂದು ಜನರಿಗೆ ಆರು ಕ್ಯಾಬಿನ್, ಆರನೆಯದರಲ್ಲಿ ಒಬ್ಬನೇ. ಒಬ್ಬನೇ ಮಲಗಿದರೂ ಇಬ್ಬರ ದುಡ್ಡು ಕೊಡಬೇಕು, ಅದನ್ನು ಹನ್ನೊಂದು ಜನಕ್ಕೆ ಹಂಚಿ ಆಗಲೇ ವಸೂಲು ಮಾಡಿದ್ದೆ. ಮಾವ ಆ ಖಾಲಿ ಹಾಸಿಗೆಗೆ ಹೋದರು, ಅಳಿಯನನ್ನು ಅದೇ ಕ್ಯಾಬಿನ್‌ಗೆ ಬದಲಿಸಿದೆ. ಕ್ಯಾಬಿನ್ ಲೆಕ್ಕದಲ್ಲಿ ಮಾವನಿಗೆ ಹೊಸದಾಗಿ ಬಿದ್ದದ್ದು ಪೋರ್ಟ್ ಚಾರ್ಜು ಮತ್ತು ದಿನಕ್ಕೆ ಹದಿನೆಂಟು ಡಾಲರ್ ಚಿಲ್ಲರೆ ಟಿಪ್ಸು ಮಾತ್ರ. ವಿಮಾನ ತಡವಾಗಿ ತೆಗೆದದ್ದರಿಂದ ಮೂವತ್ತೊಂದು ಸಾವಿರ ಆಯಿತು, ಅದು ನೋವು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹಡಗಿನೊಳಗೆ ಮನೆಯ ಅಡುಗೆ ಬಿಡುವುದಿಲ್ಲ, ಸೀಲ್ ಇರುವ ಪ್ಯಾಕೆಟ್ ತಿಂಡಿ ಬಿಡುತ್ತಾರೆ ಎಂದು ಓದಿದ್ದೆ. ಮಾವನ ಕೈಯಲ್ಲಿ ಎರಡೂ ಕಳಿಸಿದೆ. ಅಂಗಡಿಯ ಪ್ಯಾಕೆಟ್ ಖಡಕ್ ಜೋಳದ ರೊಟ್ಟಿ ಒಳಗೆ ಹೋಯಿತು. ಅವರ ಅಕ್ಕ ಡಬ್ಬಿಗೆ ತುಂಬಿ ಕೊಟ್ಟ ಶೇಂಗಾ ಹಿಂಡಿ (ಚಟ್ನಿಪುಡಿ) ಟರ್ಮಿನಲ್‌ನಲ್ಲೇ ಉಳಿಯಿತು. ಮಾವ ಮೂರು ದಿನ ಬಫೆಯ ಬೇಳೆ ಸಾರಿಗೆ ರೊಟ್ಟಿ ಮುರಿದು ಹಾಕಿಕೊಂಡು ತಿಂದರಂತೆ, ಪಕ್ಕದ ಮೇಜಿನ ಚೀನೀ ಮುದುಕಿ ಒಂದು ತುಂಡು ಕೇಳಿ ಪಡೆದಳಂತೆ. ಮುಂದಿನ ಗುಂಪಿಗೆ ಹಿಂಡಿಯನ್ನೂ ಪ್ಯಾಕೆಟ್‌ನದೇ ಕೊಡಿಸುತ್ತೇನೆ.

ಅಪ್ಪಂದಿರು ಕೇಳಿದ್ದು ಒಂದೇ ಪ್ರಶ್ನೆ, ಹುಡುಗರು ಕುಡಿಯುತ್ತಾರೇನು? ಸುಳ್ಳು ಹೇಳಲಿಲ್ಲ. ಆ ಹಡಗಿನಲ್ಲಿ ಹದಿನೆಂಟಕ್ಕೆ ಕೊಡುತ್ತಾರೆ, ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ವಿಸ್ಕಿಗೆ 25, ಗೋವಾದಲ್ಲಿ 18, ಹೋಗುವವನು ಎಲ್ಲಿಯಾದರೂ ಹೋಗುತ್ತಾನೆ ಎಂದೆ. ಒಂದು ಉಪಾಯ ಮಾಡಿದೆ: ಹಡಗಿನ ಖರ್ಚಿನ ಖಾತೆಗೆ ಯಾರದೂ ಕ್ರೆಡಿಟ್ ಕಾರ್ಡ್ ಜೋಡಿಸಗೊಡಲಿಲ್ಲ, ಎಲ್ಲರಿಂದ ನಗದು ಕಟ್ಟಿಸಿದೆ. ಕಟ್ಟಿದ್ದು ಮುಗಿದರೆ ಮುಗಿಯಿತು. ಹಡಗಿನ ಕಾಕ್‌ಟೇಲ್ ದರ ನೋಡಿದರೆ ಯಾವ ಹುಡುಗನಿಗೂ ಧರ್ಮಬುದ್ಧಿ ಬರುತ್ತದೆ.

ಒಂದು ಎಡವಟ್ಟು ನಾನು ಮೊದಲೇ ಹೇಳಬೇಕಿತ್ತು. ಬಂದರು ಬಿಟ್ಟ ಮೇಲೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯುತ್ತದೆ. ಸೇಡಂ ಹುಡುಗನೊಬ್ಬ ಏರೋಪ್ಲೇನ್ ಮೋಡ್ ಹಾಕದೆ ಮಲಗಿದ, ಬೆಳಗಾಗುವುದರೊಳಗೆ ಆರು ಸಾವಿರದ ಬಿಲ್ಲು. ಅರ್ಧ ನಾನು ಕೊಡಲಿಲ್ಲ. ಒಂದು ಸಲ ಕೊಟ್ಟು ಸಾಕಾಗಿದೆ.

ನನಗೆ ಉಳಿದದ್ದು ಅರವತ್ತು ಸಾವಿರದ ಮೇಲೆ. ಗ್ಯಾಲ್ವೆಸ್ಟನ್ ಗಾಯ ಅಲ್ಲಿಗೆ ಮುಚ್ಚುತ್ತ ಬಂತು. ಮಾವ ತಿರುಗಿ ಬಂದು ಅಂಗಡಿಯಲ್ಲಿ ಒಂದು ತಾಸು ಕೂತರು. ಹಡಗಿನಲ್ಲಿ ಈಜುಕೊಳ ಇದೆ ಎಂದು ಇನ್ನೂ ಅವರಿಗೆ ನಂಬಿಕೆ ಬಂದಿಲ್ಲ: "ನೀರಿನ ಮ್ಯಾಲ ಹಡಗು, ಹಡಗಿನ ಮ್ಯಾಲ ನೀರು, ಏನ್ ಹುಚ್ಚರೋ ಇವರು." ಬ್ರಿಟನ್ನಿನಲ್ಲಿ ಸಾಗಾ ಎಂಬ ಕಂಪನಿ ಐವತ್ತು ತುಂಬಿದವರಿಗಾಗಿಯೇ ಹಡಗು ನಡೆಸುತ್ತದೆ ಎಂದೆ. ಬೆರಳು ಮಡಚಿ ಎಣಿಸಿ, ಇನ್ನು ಒಂಬತ್ತು ವರ್ಷ ಎಂದರು.

ಈಗ ಬೀದರಿನ ಒಂಬತ್ತು ಹುಡುಗಿಯರ ಗುಂಪು ಬಂದಿದೆ, ನರ್ಸಿಂಗ್ ಓದುವವರು. ಪಾಸ್‌ಪೋರ್ಟ್ ಜೆರಾಕ್ಸ್ ಮೇಜಿನ ಮೇಲಿವೆ. ಹುಟ್ಟಿದ ತಾರೀಕನ್ನು ಪ್ರತಿಯೊಂದರ ಮೂಲೆಯಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಬರೆದು, ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ. ನಾಲ್ವರದು ಜೂನ್ ಒಂದು.