ಚಾಕಿ ಹುಳುವಿನ ಕೃತಕ ಆಹಾರ: ಪಾಕ ಕೆಡದಿರಲು

ಪುಣೆಯ ಕನ್ನಡಿಗರ ಮನೆಗಳಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆಂದು ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆಯ ರೇಷ್ಮೆ ಹುಳುವಿಗೆ, ಕೃತಕ ಆಹಾರ ತಯಾರಿಸುವುದನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ಬಹುತೇಕರು ಎಡವುವುದು ಅಳತೆಯಲ್ಲಲ್ಲ, ಒಲೆಯ ಮುಂದೆ.

ಹಿಪ್ಪುನೇರಳೆಯ ಎಳೆ ಸೊಪ್ಪನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿಮಾಡಿ, ವಸ್ತ್ರಗಾಳಿತ ಮಾಡಿಕೊಳ್ಳಿ. ಇಲ್ಲಿಯವರು 'ತುತಿ' ಎನ್ನುವ ಈ ಗಿಡ ಬಡಾವಣೆಗಳಲ್ಲೂ ಸಿಗುತ್ತದೆ, ಆದರೆ ಕೀಟನಾಶಕ ಸಿಂಪಡಿಸಿದ್ದ ಸೊಪ್ಪು ಬೇಡವೇ ಬೇಡ. ಜುಲೈನ ಮಳೆಯಲ್ಲಿ ಸೊಪ್ಪು ಒಣಗುವ ಮೊದಲೇ ಬೂಷ್ಟು ಹಿಡಿಯುವುದರಿಂದ ಪುಡಿಯನ್ನು ಮಾರ್ಚ್‌ನಲ್ಲೇ ಮಾಡಿಡುವುದು ಲೇಸು. ಪುಡಿಯ ಅಳತೆಯಲ್ಲಿ ಜಿಪುಣತನ ಬೇಡ: ಹುಳು ಕಚ್ಚುವಂತೆ ಪ್ರೇರೇಪಿಸುವ ಬೀಟಾ-ಸಿಟೊಸ್ಟೆರಾಲ್ (ಒಂದು ಬಗೆಯ ಸ್ಟೆರಾಲ್), ಐಸೊಕ್ವೆರ್ಸಿಟ್ರಿನ್ ಎಂಬ ರಾಸಾಯನಿಕಗಳು ಇರುವುದು ಸೊಪ್ಪಿನಲ್ಲೇ, ಮತ್ತು ಸ್ಟೆರಾಲನ್ನು ಹುಳು ತಾನಾಗಿ ತಯಾರಿಸಿಕೊಳ್ಳಲಾರದು.

ನನ್ನ ಅಳತೆ 100 ಗ್ರಾಂ ಒಣ ಮಿಶ್ರಣಕ್ಕೆ: ಸೊಪ್ಪಿನ ಪುಡಿ 45, ಎಣ್ಣೆ ತೆಗೆದ ಸೋಯಾ ಹಿಟ್ಟು 30, ಮೆಕ್ಕೆಜೋಳದ ಪಿಷ್ಟ 12, ಅಗರ್ 8, ಸಿಟ್ರಿಕ್ ಆಮ್ಲ 3, ವಿಟಮಿನ್ ಸಿ 2 ಗ್ರಾಂ; ನೀರು 270 ಮಿಲಿ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಅಗರೇ. ಸಕ್ಕರೆ, ಸುವಾಸನೆ ಬೆರೆಸಿದ ಜೆಲ್ಲಿ ಪುಡಿಯನ್ನು ಮಾತ್ರ ಮುಟ್ಟಬೇಡಿ.

ಇನ್ನು ಪಾಕ. ಅಗರನ್ನು ನೀರಿನಲ್ಲಿ ಎಳೆಯೂ ಉಳಿಯದಂತೆ ಕುದಿಸಿ ಕರಗಿಸಿದ ಮೇಲೆ ಪುಡಿ, ಸೋಯಾ, ಪಿಷ್ಟಗಳನ್ನು ಗಂಟಾಗದಂತೆ ಕಲಸಿ, ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಹಬೆಯಲ್ಲಿ ಬೇಯಿಸಬೇಕು. ಮುಚ್ಚಳದ ನೀರು ತೊಟ್ಟಿಕ್ಕದಂತೆ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿರಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಕುದಿಸುವ ಅಡ್ಡದಾರಿಯೇ ಕೇಡಿನ ಮೂಲ: ಹುಳಿಯೊಡನೆ ಕುದಿದ ಅಗರ್ ಬಿಗಿ ಕಳೆದುಕೊಂಡು ನೀರು ಬಿಡುತ್ತದೆ, ಆ ನೀರಿಗೆ ಸಿಕ್ಕಿದ ಚಾಕಿ ಹುಳು ಉಳಿಯುವುದಿಲ್ಲ, ವಿಟಮಿನ್ ಸಿ ಕೂಡ ಕಾವಿಗೆ ನಾಶವಾಗುತ್ತದೆ. ಆದ್ದರಿಂದ ಕೆಳಗಿಳಿಸಿ, 60 ಡಿಗ್ರಿಗೆ ಇಳಿದ ಮೇಲೆ, ಅಂದರೆ ಬೆರಳಿಗೆ ಬಿಸಿ ತಾಗಿದರೂ ಹಬೆ ಅಡಗಿದಾಗ, ಸಿಟ್ರಿಕ್ ಆಮ್ಲ, ವಿಟಮಿನ್ ಸಿ ಎರಡನ್ನೂ ಚಮಚ ನೀರಿನಲ್ಲಿ ಕರಗಿಸಿ ಸೇರಿಸಿ, ಬೇಗ ಕಲಸಿ ತಟ್ಟೆಗೆ ಹರಡಿ. ಅಗರ್ ಗಟ್ಟಿಯಾಗತೊಡಗಿದ ಮೇಲೆ ಕಲಸಿದರೆ ಹರಳುಹರಳಾಗಿ ಒಡೆಯುತ್ತದೆ.

ಗಟ್ಟಿಯಾದದ್ದನ್ನು ಶಾವಿಗೆಯಂತೆ ತುರಿದು, ಮೊಟ್ಟೆಯೊಡೆದ ದಿನವೇ ಕೊಡಿ. ಮೊದಲು ಸೊಪ್ಪಿನ ರುಚಿ ಕಂಡ ಹುಳು ಇದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಕೋಣೆಯ ಕಾವು 29–30 ಡಿಗ್ರಿ ಇರಲಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಅಲುಗಾಡದೆ ಕೂತಾಗ, ತಟ್ಟೆಯ ಮೇಲಿನ ಹೊದಿಕೆ ತೆಗೆದು ಉಳಿದ ಆಹಾರ ಒಣಗಲು ಬಿಡಿ.

ಗೂಡು ಕಟ್ಟುವವರೆಗೂ ಇದನ್ನೇ ಉಣಿಸುವ ಹಟ ಬೇಡ. ಜಪಾನಿನಲ್ಲಿಯೂ ಕೃತಕ ಆಹಾರ ಹೆಚ್ಚಾಗಿ ಬಳಕೆಗೆ ಬಂದದ್ದು ಎಳೆ ಹುಳುವಿಗೇ. ಎರಡನೇ ಜ್ವರ ಎದ್ದೊಡನೆ ತಾಜಾ ಸೊಪ್ಪಿಗೆ ಬದಲಿಸಿ. ಹೀಗೆ ಸೊಪ್ಪಿಗೆ ಬರುವ ಹುಳು ತಕರಾರು ಮಾಡುವುದಿಲ್ಲ.