ಟೂ ಎಕ್ಸ್ ಹಾಕಿದ ಜೂಮ್, ನಾನೂರರ ಪ್ರೈಮ್: ಗಂಗಾವತಿಯಲ್ಲಿ ನಾನು ನೋಡಿದ್ದು

ಲೆಕ್ಕದಲ್ಲಿ ಎರಡೂ ಒಂದೇ. 70-200 ಎಂಎಂ ಎಫ್/2.8 ಜೂಮ್‌ಗೆ ಟೂ ಎಕ್ಸ್ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರಿಸಿ ಚಿತ್ರವನ್ನು ಎರಡು ಪಟ್ಟು ಮಾಡುವ ಗಾಜು) ಹಾಕಿದರೆ ತುದಿಯಲ್ಲಿ 400 ಎಂಎಂ ಸಿಗುತ್ತದೆ. ಎರಡು ಸ್ಟಾಪ್ ಬೆಳಕು ಹೋಗಿ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್/5.6 ಆಗುತ್ತದೆ. ಕ್ಯಾನನ್‌ನ ಹಳೆಯ 400ರ ಪ್ರೈಮ್ (ಜೂಮ್ ಆಗದ, ಒಂದೇ ಫೋಕಲ್ ಲೆಂಗ್ತ್ ಇರುವ ಲೆನ್ಸ್) ಕೂಡ ಎಫ್/5.6. ಹಾಗಿದ್ದ ಮೇಲೆ ಇನ್ನೊಂದು ಲೆನ್ಸ್‌ಗೆ ಯಾಕೆ ದುಡ್ಡು ಹಾಕಬೇಕು? ಗಂಗಾವತಿಯಲ್ಲಿ ಕ್ಯಾಮೆರಾ ಹಿಡಿದು ಅಲೆಯುವ ನಮ್ಮ ನಾಲ್ಕೈದು ಜನರಲ್ಲಿ ಈ ಮಾತು ಬಂದಾಗಲೆಲ್ಲ ಎರಡು ಪಾರ್ಟಿ ಆಗುತ್ತಿತ್ತು. ಮದುವೆ ಫೋಟೋಗೆ ಅಂತ ತಗೊಂಡಿದ್ದ ಜೂಮ್ ನನ್ನ ಹತ್ತಿರ ಇತ್ತು, ಅದು ಎರಡನೇ ಆವೃತ್ತಿಯದು. ಜೊತೆಗೆ ಮೂರನೇ ಆವೃತ್ತಿಯ ಕನ್ವರ್ಟರ್. ಗೆಳೆಯ ಪ್ರೈಮನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದ. ಸುಮ್ನೆ ವಾದ ಮಾಡುವ ಬದಲು ಎರಡನ್ನೂ ನನ್ನ ಕ್ಯಾನನ್ 7ಡಿ ಮಾರ್ಕ್ 2 ಕ್ಯಾಮೆರಾ ಬಾಡಿಗೆ ಹಾಕಿ ನೋಡಿದೆ.

ಮೊದಲು ಮನೆ ಮಾಳಿಗೆ. ಗೋಡೆಗೆ ಪೇಪರಿನ ಸಣ್ಣ ಜಾಹೀರಾತುಗಳ ಪುಟ ಅಂಟಿಸಿ, ಮಾಳಿಗೆಯ ಆ ತುದಿಯಲ್ಲಿ ಟ್ರೈಪಾಡ್ ಇಟ್ಟೆ. ಪಕ್ಕದ ಮನೆ ಹುಡುಗ ನಿಂತು ನೋಡಿದ. ‘ಪೇಪರ್ ಫೋಟೋ ಯಾಕ್ ತೆಗಿಯಾಕ್ ಹತ್ತೀರಿ ಅಂಕಲ್, ಓದಾಕ್ ಬರಂಗಿಲ್ಲೇನು?’ ಅಂದ. ಅವನು ಕೇಳಿದ್ದು ಸರಿಯೇ. ನಾನು ನೋಡಬೇಕಾಗಿದ್ದೂ ಓದಲು ಬರುತ್ತದೋ ಇಲ್ಲವೋ ಅನ್ನುವುದನ್ನೇ. ಕನ್ನಡದ ಸಣ್ಣಕ್ಷರಕ್ಕಿಂತ ಒಳ್ಳೆಯ ಟೆಸ್ಟ್ ಚಾರ್ಟ್ ದುಡ್ಡು ಕೊಟ್ಟರೂ ಸಿಗಲಿಕ್ಕಿಲ್ಲ. ‘ಥ’ದ ಹೊಟ್ಟೆಯೊಳಗಿನ ಚುಕ್ಕೆ, ‘ಧ’ದ ಕೆಳಗಿನ ಸೀಳು, ಸಾಲಿನಡಿ ಮುದುಡಿ ಕೂತ ಒತ್ತಕ್ಷರ, ಇವೆಲ್ಲ ಲೆನ್ಸಿನ ಬಂಡವಾಳ ಬಯಲು ಮಾಡುತ್ತವೆ.

ಆಟೋಫೋಕಸ್ ಬಂದ್. ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ಕೈಯಲ್ಲೇ ಫೋಕಸ್. ಎರಡು ಸೆಕೆಂಡ್ ಟೈಮರ್. ಕೈ ನಡುಕ ತಡೆಯುವ ಜೂಮಿನ ಸ್ಟೆಬಿಲೈಸರ್ ಕೂಡ ಬಂದ್. ಮಾಳಿಗೆಯ ಆ ತುದಿಗೇ ಹೋಗಿದ್ದಕ್ಕೆ ಕಾರಣ ಇದೆ. ಒಳಗೇ ಫೋಕಸ್ ಮಾಡುವ ಬಹಳಷ್ಟು ಜೂಮ್‌ಗಳು ಹತ್ತಿರದ ವಸ್ತುವಿಗೆ ಬಂದಾಗ ಫೋಕಲ್ ಲೆಂಗ್ತ್ ಸ್ವಲ್ಪ ಕಳೆದುಕೊಳ್ಳುತ್ತವೆ. ಆಗ ಹೋಲಿಕೆಯೇ ತಪ್ಪುತ್ತದೆ.

ಎಫ್/5.6ರಲ್ಲಿ ಪ್ರೈಮ್ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ. ಅದರ ಫೋಟೋದಲ್ಲಿ ‘ಥ’ದ ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಜೂಮ್‌ನದರಲ್ಲಿ ಅಕ್ಷರ ಓದಬಹುದು, ಆದರೆ ಚುಕ್ಕೆ ಸುತ್ತಲಿನ ಮಸಿಗೆ ಅಂಟಿಕೊಂಡಿತ್ತು, ಕಪ್ಪು ಬೂದು ಬಣ್ಣಕ್ಕೆ ತಿರುಗಿತ್ತು. ಎಫ್/8ಕ್ಕೆ ಇಳಿಸಿದೆ. ಚುಕ್ಕೆ ಬಿಡಿಸಿಕೊಂಡಿತು. ಪ್ರೈಮ್‌ನಲ್ಲಿ ಎಫ್/8ಕ್ಕೆ ಹೋದರೂ ಅಂಥ ವ್ಯತ್ಯಾಸ ಕಾಣಲಿಲ್ಲ, ಅದು ಮೊದಲೇ ಚೆನ್ನಾಗಿತ್ತು. ಎಫ್/8ರ ಎರಡೂ ಫೈಲ್‌ಗಳಿಗೆ ಸ್ವಲ್ಪ ಕಾಂಟ್ರಾಸ್ಟ್, ಸ್ವಲ್ಪ ಶಾರ್ಪ್‌ನೆಸ್ ಕೊಟ್ಟು 12x18 ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದಲ್ಲಿ ಯಾರಿಗೂ ಯಾವುದು ಯಾವುದೆಂದು ಹೇಳಲಾಗಲಿಲ್ಲ.

ಇದಕ್ಕೆ ಕಾರಣ ಗಾಜಿನಲ್ಲಿದೆ. ಕನ್ವರ್ಟರ್ ಅಂದರೆ ಲೆನ್ಸಿನ ಹಿಂದೆ ಕೂರಿಸಿದ ಭೂತಗನ್ನಡಿ. ನಡುವಿನ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುತ್ತದೆ, ಲೆನ್ಸಿನ ಐಬನ್ನೂ ಜೊತೆಗೇ ದೊಡ್ಡದು ಮಾಡುತ್ತದೆ. ಆ ಪ್ರೈಮ್ ಒಳಗೆ ಇರುವುದು 7 ಗಾಜು ಮಾತ್ರ. ನನ್ನ ಜೂಮ್‌ನಲ್ಲಿ 23, ಕನ್ವರ್ಟರ್‌ನಲ್ಲಿ 9. ಬೆಳಕು 32 ಗಾಜು ದಾಟಿ ಬರಬೇಕು! ಹಾಗಿದ್ದೂ ಇಷ್ಟು ಹತ್ತಿರ ಬಂತಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಆ ಗಾಜಿನ ಬೆಲೆ ಗೊತ್ತಾಗುವುದು ಎದುರು ಬೆಳಕಿನಲ್ಲಿ. ಅಂಜನಾದ್ರಿಯ ಬಿಳಿ ಮೆಟ್ಟಿಲ ಸಾಲನ್ನು ಸೂರ್ಯನ ಕಡೆ ಮುಖ ಮಾಡಿ ತೆಗೆದಾಗ ಜೂಮ್‌ನ ಚಿತ್ರದ ಮೇಲೆ ತೆಳ್ಳಗೆ ಮಂಜು ಹರಡಿದಂತಿತ್ತು. ಬಿಳಿ ಗೋಡೆ ಆಕಾಶಕ್ಕೆ ತಾಗುವ ಅಂಚಿನಲ್ಲಿ ಕೂದಲೆಳೆಯಷ್ಟು ನೇರಳೆ ಬಣ್ಣ. ಬಣ್ಣವನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು, ಮಂಜನ್ನೂ ಅರ್ಧ ಎಳೆಯಬಹುದು. ಪ್ರೈಮ್‌ನ ಫೈಲಿಗೆ ಆ ಕೆಲಸವೇ ಇರಲಿಲ್ಲ.

ಇನ್ನು ನಮ್ಮ ಬಿಸಿಲು. ಈ ಕಡೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರಲ್ವಾ? ಲೆನ್ಸ್ ಟೆಸ್ಟ್ ಮಾಡುವವರಿಗೆ ಅದು ತಮಾಷೆ ಅಲ್ಲ. ಸಾಣಾಪುರದ ಬಂಡೆಗಳು ಒಮ್ಮೆ ಕಾದವು ಅಂದರೆ ಗಾಳಿ ನಡುಗುತ್ತದೆ. 400 ಎಂಎಂನಲ್ಲಿ ಆ ನಡುಕ ಪೂರ್ತಿ ಕಾಣುತ್ತದೆ. ಬೆಳಿಗ್ಗೆ ಬಂಡೆಯ ಒಂದೊಂದು ಕಾಳನ್ನೂ ತೋರಿಸಿದ ಪ್ರೈಮ್, ಬಿಸಿಲೇರಿದ ಮೇಲೆ ಅದೇ ಬಂಡೆಯನ್ನು ನೀರೊಳಗೆ ಇಟ್ಟಂತೆ ತೋರಿಸಿತು. ಜೂಮ್‌ದೂ ಅದೇ ಕಥೆ. ‘ಕನ್ವರ್ಟರ್ ಹಾಕಿದೆ, ಸಾಫ್ಟ್ ಬಂತು’ ಅನ್ನುವವರು ಎಷ್ಟು ಹೊತ್ತಿಗೆ ತೆಗೆದರು ಅಂತ ನಾನು ಮೊದಲು ಕೇಳುತ್ತೇನೆ. ಹೋಲಿಸುವುದಿದ್ದರೆ ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲೇ ಹೋಲಿಸಿ.

ಟ್ರೈಪಾಡ್ ಬಿಟ್ಟು ಹಕ್ಕಿಯ ಹಿಂದೆ ಹೋದರೆ ಕಥೆಯೇ ಬೇರೆ. ಟೂ ಎಕ್ಸ್ ಹಾಕಿದಾಗ ಲೆನ್ಸಿನ ಫೋಕಸ್ ವೇಗ ಶೇ. 75ರಷ್ಟು ಇಳಿಯುವಂತೆ ಕ್ಯಾನನ್‌ನವರೇ ಇಟ್ಟಿದ್ದಾರೆ, 1.4 ಪಟ್ಟಿನ ಕನ್ವರ್ಟರಿಗಾದರೆ ಶೇ. 50. ನಿಖರತೆ ಉಳಿಯಲಿ ಅಂತ. ಗದ್ದೆಯ ಬೆಳ್ಳಕ್ಕಿಗೆ ಅದು ಸಾಕು. ಮುನಿರಾಬಾದಿನ ಹಿನ್ನೀರಿನ ಮೇಲೆ ನದಿ ರೀವ ತಿರುಗಿ ಬೀಳುವಾಗ ಸಾಲುವುದಿಲ್ಲ. ಒಮ್ಮೆ ಹಕ್ಕಿ ತಪ್ಪಿತೋ, ಜೂಮ್ ಹತ್ತಿರದಿಂದ ದೂರದವರೆಗೆ ಪೂರ್ತಿ ಹುಡುಕಿ ಬರುತ್ತದೆ. ಅಷ್ಟರಲ್ಲಿ ಹಕ್ಕಿ ಮೀನು ಹಿಡಿದು ಹೋಗಿರುತ್ತದೆ. ಪ್ರೈಮ್‌ನ ಪಕ್ಕದ ಸ್ವಿಚ್ಚನ್ನು 8.5 ಮೀಟರಿಗೆ ಇಟ್ಟರೆ ಅದಕ್ಕಿಂತ ಹತ್ತಿರ ಹುಡುಕುವುದೇ ಇಲ್ಲ. ಹಾರುವ ಹಕ್ಕಿಗೆ ಅದೇ ಸರಿ.

ಇಲ್ಲೊಂದು ಕೆಲಸ ಮಾಡಲೇಬೇಕು. ಬಾಡಿಯ ಮೆನುವಿನಲ್ಲಿ ಫೋಕಸ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದೆ. ಫೋಕಸ್ ಸ್ವಲ್ಪ ಹಿಂದೆ ಮುಂದೆ ಬೀಳುತ್ತಿದ್ದರೆ ಸರಿ ಮಾಡುವ ಸೆಟ್ಟಿಂಗ್ ಅದು. ಬರಿ ಲೆನ್ಸಿಗೆ ಒಂದು, ಕನ್ವರ್ಟರ್ ಜೊತೆಗೆ ಇನ್ನೊಂದು ಅಂತ ಅದು ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ನನ್ನ ಜೋಡಿ ಹಕ್ಕಿಯ ಕಣ್ಣು ಬಿಟ್ಟು ಕೊಕ್ಕಿನ ತುದಿಗೆ ಫೋಕಸ್ ಮಾಡುತ್ತಿತ್ತು. ಅದನ್ನು ಸರಿ ಮಾಡಿದ ಮೇಲೆ ಆನೆಗುಂದಿಯ ಬಂಡೆ ಮೇಲೆ ಕೂತ ಹಳದಿ ಕೊರಳಿನ ಪಿಕಳಾರದ ಎದೆಯ ಗರಿ ಎಳೆ ಎಳೆಯಾಗಿ ಬಂತು. ಜಾಸ್ತಿ ಜನ ಗಾಜನ್ನು ಬೈಯುತ್ತಾರೆ, ಬೈಯಬೇಕಾದ್ದು ಈ ಸೆಟ್ಟಿಂಗನ್ನು.

ಜೂಮ್ ಪ್ರೈಮನ್ನು ಸೋಲಿಸಿದ ಜಾಗವೂ ಒಂದಿದೆ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರ. ಬಂಡೆಗೆ ಸವರಿದ ಬೆಲ್ಲ ನೆಕ್ಕಲು ಕರಡಿ ಇಳಿಯುವ ಹೊತ್ತಿಗೆ ಬೆಳಕು ಇಳಿದಿರುತ್ತದೆ. ಕರಡಿಯೂ ಕಪ್ಪು, ಅದರ ಹಿಂದಿನ ನೆರಳೂ ಕಪ್ಪು. ಆ ಪ್ರೈಮ್‌ನಲ್ಲಿ ಸ್ಟೆಬಿಲೈಸರ್ ಇಲ್ಲ. ಕೈಯಲ್ಲಿ ಹಿಡಿದರೆ ಈ ಬಾಡಿಯ ಚಿಕ್ಕ ಸೆನ್ಸರಿನ 1.6 ಕ್ರಾಪ್ ಲೆಕ್ಕದಲ್ಲಿ (400x1.6) ಶಟರ್ 1/640 ಬೇಕು, ಬೆಳಕಿಗೆ ಸೆನ್ಸರಿನ ಸಂವೇದನೆ ಅಂದರೆ ಐಎಸ್‌ಒ 3200ಕ್ಕೆ ಹೋಯಿತು. ಜೂಮ್‌ನಲ್ಲಿ 1/160 ಸಾಕಾಯಿತು, ಐಎಸ್‌ಒ 800. ಕರಡಿ ತಲೆ ಅಲ್ಲಾಡಿಸಿದ ಫ್ರೇಮ್‌ಗಳು ಹೋದವು ನಿಜ. ಅದು ನಿಂತು ಗೋಪುರದ ಕಡೆ ನೋಡಿದ ಫ್ರೇಮ್‌ನಲ್ಲಿ ಮಾತ್ರ ಕೂದಲು ಬಿಡಿಬಿಡಿಯಾಗಿ ಕಂಡಿತು. ಪ್ರೈಮ್‌ನದರಲ್ಲಿ ಅದೇ ಕೂದಲು ಕಾಳುಕಾಳಾದ ನಾಯ್ಸ್‌ನೊಳಗೆ ಮುಳುಗಿತ್ತು.

ಹಾಗಾಗಿ ಹಿನ್ನೀರಿಗೆ ಹೋಗುವ ದಿನ ಗೆಳೆಯನ ಪ್ರೈಮ್ ಕೇಳಿ ತರುತ್ತೇನೆ, ದರೋಜಿಗೆ ಹೋಗುವಾಗ ಅವನು ನನ್ನ ಜೂಮ್ ಒಯ್ಯುತ್ತಾನೆ. ಕೊಳ್ಳುವ ಯೋಚನೆ ಇರುವವರಿಗೆ ಇಷ್ಟು ಹೇಳುತ್ತೇನೆ: ನಿಮ್ಮದು 70-200ರ ಎಫ್/4 ಆಗಿದ್ದರೆ ಟೂ ಎಕ್ಸ್ ಬೇಡ. ಅದು ಎಫ್/8 ಆಗಿಬಿಡುತ್ತದೆ, ಈ ಬಾಡಿಯಲ್ಲಿ ನಡುವಿನ ಒಂದು ಫೋಕಸ್ ಪಾಯಿಂಟ್ ಮಾತ್ರ ಕೆಲಸ ಮಾಡುತ್ತದೆ. 1.4 ತಗೊಳ್ಳಿ, 280ಕ್ಕೆ ಎಫ್/5.6 ಸಿಗುತ್ತದೆ. ಬಾಡಿ ಜೊತೆ ಬಂದ 18-135ಕ್ಕೆ ಕ್ಯಾನನ್ ಕನ್ವರ್ಟರ್ ಕೂರುವುದೇ ಇಲ್ಲ, ಕನ್ವರ್ಟರಿನ ಮುಂದಿನ ಗಾಜು ಹೊರಗೆ ಚಾಚಿಕೊಂಡಿರುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಲೆನ್ಸ್ ಕೈಯಲ್ಲೇ ಇರಲಿ, ಕೂರಿಸಿ ನೋಡಿಯೇ ದುಡ್ಡು ಕೊಡಿ.