ವಿಡಿಯೊ ಬ್ಲ್ಯಾಕ್‌ಮೇಲ್: ಬ್ಲಾಕ್ ಒತ್ತುವ ಮುಂಚೆ ಇಷ್ಟು ಮಾಡಿ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಪಿ.ಜಿ. ಹುಡುಗರು ನನ್ನ ಹತ್ತಿರ ಬರುವಷ್ಟರಲ್ಲಿ ಎರಡು ತಪ್ಪು ಮಾಡಿ ಮುಗಿಸಿರುತ್ತಾರೆ. ಕೇಳಿದಷ್ಟು ದುಡ್ಡು ಹಾಕಿರುತ್ತಾರೆ. ಹೆದರಿ ಚಾಟನ್ನೆಲ್ಲ ಅಳಿಸಿರುತ್ತಾರೆ.

ಇನ್‌ಸ್ಟಾಗ್ರಾಮಿನಲ್ಲಿ ಅಪರಿಚಿತೆಯ ರಿಕ್ವೆಸ್ಟ್, ಒಂದೆರಡು ದಿನದ ಮಾತು, ರಾತ್ರಿ ವಾಟ್ಸ್‌ಆ್ಯಪ್ ವಿಡಿಯೊ ಕಾಲ್. ಆ ಕಡೆ ಓಡುವುದು ಮೊದಲೇ ಇಟ್ಟುಕೊಂಡ ಬೆತ್ತಲೆ ವಿಡಿಯೊ. ಈ ಕಡೆಯಿಂದ ನಿಮ್ಮ ಮುಖ ಹತ್ತು ಸೆಕೆಂಡು ಸಿಕ್ಕರೂ, ರೆಕಾರ್ಡ್ ಮಾಡಿಕೊಂಡು ಬೆದರಿಸಲು ಅವರಿಗೆ ಸಾಕು.

ಮೊದಲನೆಯದು: ಒಂದು ರೂಪಾಯಿಯನ್ನೂ ಕೊಡಬೇಡಿ. ಐನೂರು ಹಾಕಿದರೆ ಐದು ಸಾವಿರಕ್ಕೆ ಫೋನ್ ಬರುತ್ತದೆ.

ಎರಡನೆಯದು ಸಾಕ್ಷ್ಯ. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ. ಆ ನಂಬರನ್ನು ಹೆಸರು ಹಾಕಿ ಸೇವ್ ಮಾಡಬೇಡಿ. ಸ್ಕ್ರೀನ್‌ಶಾಟಿನಲ್ಲಿ ನಂಬರೇ ಕಾಣಬೇಕು. ದಿನಾಂಕ, ಸಮಯ ಬರುವಂತೆ ಬೆದರಿಕೆಯ ಪ್ರತಿ ಸಂದೇಶವನ್ನೂ ತೆಗೆಯಿರಿ. ಇನ್‌ಸ್ಟಾದಲ್ಲಿ ಫೋಟೊ, ಹೆಸರು ಮಾತ್ರ ಸಾಲದು, ಪ್ರೊಫೈಲಿನ ಲಿಂಕನ್ನೂ ಕಾಪಿ ಮಾಡಿ. ವಾಟ್ಸ್‌ಆ್ಯಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಿ. ಕೇಳಿದ ಯುಪಿಐ ಐಡಿ ಬರೆದಿಡಿ. ದುಡ್ಡು ಹೋಗಿದ್ದರೆ ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನೂ. ಆಮೇಲೆ ಏನೇನಾಯಿತು ಎಂದು ಗಂಟೆ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಕೈಯಲ್ಲೇ ಬರೆಯಿರಿ ಎನ್ನುತ್ತೇನೆ. ಠಾಣೆಯಲ್ಲಿ ಮಾತು ತಡವರಿಸಿದಾಗ ಆ ಹಾಳೆಯೇ ಮಾತಾಡುತ್ತದೆ. ಇಷ್ಟಾದ ಮೇಲೆ ಬ್ಲಾಕ್ ಮಾಡಿ.

ಟೆಲಿಗ್ರಾಮಿನಲ್ಲಿ 'ವಿಡಿಯೊ ಡಿಲೀಟ್ ಮಾಡಿಸಿಕೊಡುತ್ತೇವೆ' ಎನ್ನುವ ಹ್ಯಾಕರ್‌ಗಳನ್ನು ಹತ್ತಿರ ಸೇರಿಸಬೇಡಿ, ಅದು ಎರಡನೇ ಮೋಸ. ಮರುದಿನ 'ಸಿಬಿಐ ಅಧಿಕಾರಿ' ಎಂದು ಫೋನ್ ಮಾಡುವವನೂ ಅದೇ ಗುಂಪಿನವನು. ಫೋನ್, ವಿಡಿಯೊ ಕಾಲಿನಲ್ಲೇ ಬಂಧಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಹೋಗದಿದ್ದರೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿ, ಮೈಸೂರಾಗಲಿ ಮಂಡ್ಯವಾಗಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧ. ಇಲ್ಲಿ ಆರೋಪಿ ನೀವಲ್ಲ.

ವಿಡಿಯೊ ಹರಿದಾಡೀತೆಂಬ ಭಯವಿದ್ದರೆ, ಅಂಥ ಚಿತ್ರಗಳು ಜಾಲತಾಣಗಳಲ್ಲಿ ಹರಡದಂತೆ ತಡೆಯಲು ನೆರವಾಗುವ ಎರಡು ಆನ್‌ಲೈನ್ ಸೇವೆಗಳಿವೆ: 18 ತುಂಬಿದವರಿಗೆ ಸ್ಟಾಪ್‌ಎನ್‌ಸಿಐಐ, ತುಂಬದವರಿಗೆ ಟೇಕ್ ಇಟ್ ಡೌನ್. ಫೋಟೊ, ವಿಡಿಯೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ.

ಫಾಲೋವರ್ ಪಟ್ಟಿ ಅಪರಿಚಿತರಿಗೆ ಕಾಣದಂತೆ ಇನ್‌ಸ್ಟಾ ಖಾತೆಯನ್ನು ಇವತ್ತೇ ಪ್ರೈವೇಟ್ ಮಾಡಿ. ಬೆದರಿಕೆ ಬಂದ ರಾತ್ರಿ ರೂಮಿನಲ್ಲಿ ಒಬ್ಬರೇ ಇರಬೇಡಿ. ಅಕ್ಕನನ್ನೋ ರೂಮ್‌ಮೇಟನ್ನೋ ಎಬ್ಬಿಸಿ. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ನಡುರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.